ಅಕ್ಕ ಹಿಡಿದಿದ್ದ ಟೇಪು

ನನ್ನ ಅಕ್ಕ ಶಾಂತಕ್ಕನ ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಅನುಮತಿ ಸಿಗುವುದಿಲ್ಲ ಎಂದು ನಾನು ಹೇಳಿದ್ದು ಶುದ್ಧ ಸುಳ್ಳು. ಸಿಗುತ್ತಿತ್ತು. ನಾನು ಅರ್ಜಿಯನ್ನೇ ಹಾಕಲಿಲ್ಲ. ಕಾರಣ ಕೇಳಿದರೆ ನೀವು ನಗುತ್ತೀರಿ — ನಗಿ, ಅಡ್ಡಿಯಿಲ್ಲ — ನನ್ನ ಮಧ್ಯಾಹ್ನದ ನಿದ್ದೆಗಾಗಿ.

ಬಳ್ಳಾರಿಯ ಗಾಂಧಿನಗರದಲ್ಲಿ ಕೂತು ಮನೆಗಳ ನಕ್ಷೆ ಬರೆಯುವುದು, ಅವುಗಳ ಪರವಾನಗಿಗಾಗಿ ಕಚೇರಿ ಕಚೇರಿ ತಿರುಗುವುದು ನನ್ನ ಕಸುಬು. ಪಾರ್ವತಿನಗರದ ನನ್ನ ಸ್ವಂತ ಮನೆಯ ನಕ್ಷೆಯೂ ನನ್ನದೇ. ಶಿವರಾತ್ರಿ ಕಳೆದರೆ ಸಾಕು, ಅದು ರೊಟ್ಟಿ ಸುಡುವ ಹೆಂಚಾಗುತ್ತದೆ. ಹಾಗಾಗಿ ಬೇಸಿಗೆಯ ಭಾನುವಾರಗಳಲ್ಲಿ ಬಸ್ಸು ಹತ್ತಿ ಕುರುಗೋಡಿಗೆ, ಅಕ್ಕನ ಮನೆಗೆ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಬಂಡೆ ಹಾಸಿದ ಪಡಸಾಲೆ. ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು ಆ ಬಂಡೆಯ ಮೇಲೆ ಬೆನ್ನು ಚಾಚಿದರೆ — ಆಹಾ! ಅಂಥ ನಿದ್ದೆ ರಾಜಮಹಾರಾಜರಿಗೂ ಬಂದಿರಲಿಕ್ಕಿಲ್ಲ.

ಪಡಸಾಲೆಯ ಹಿಂದೆಯೇ ಅಡುಗೆಮನೆ. ಅಲ್ಲಿ ನಾನು ಹೆಚ್ಚು ಹೋಗುತ್ತಿರಲಿಲ್ಲ. ತಗ್ಗಾದ ಸೂರು, ಒಂದೇ ಬೆಳಕಿಂಡಿ, ಉದ್ದಕ್ಕಿದ್ದ ಅಕ್ಕ ತಲೆ ಎತ್ತಿದರೆ ತೊಲೆ ಬಡಿಯುತ್ತಿತ್ತು. ಕೂತು ಬೇಯಿಸಿ, ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದಳು. ಹೊಸ ಮನೆ ಕಟ್ಟಲು ಭಾವ ಒಪ್ಪಿದ ದಿನ ನನಗೆ ಫೋನು ಮಾಡಿ ಕುಣಿದಾಡಿದ್ದಳು.

“ನಿಂತು ಅಡಿಗಿ ಮಾಡಬೇಕಪಾ ನಾನು. ಒಂದು ದೊಡ್ಡ ಕಿಟಕಿ ಇರಬೇಕು. ಪ್ಲಾನ್ ನೀನ ಹಾಕು, ಪರ್ಮಿಶನ್ನೂ ನೀನ ತರು.”

ಓಣಿಯ ತುದಿಗೆ ಹಳೆಯ ಕಲ್ಲಿನ ಗುಡಿಯೊಂದಿದೆ, ಸಂರಕ್ಷಿತ ಸ್ಮಾರಕ. ಅದರ ಮೇರೆಯಿಂದ ನೂರು ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿ ಮಾತ್ರ, ಅದಕ್ಕೂ ಅನುಮತಿ ಬೇಕು. ನೂರು ದಾಟಿದರೆ ಹೊಸದಕ್ಕೂ ಅನುಮತಿ ಕೇಳಬಹುದು. ಅಕ್ಕನ ಮನೆ ನೂರರ ಆಚೆಗಿದೆ ಎಂದು ನನಗೆ ನೋಡಿದೊಡನೆ ಗೊತ್ತಾಯಿತು. ಅಳೆಯಬೇಕಾದದ್ದು ಗುಡಿಯ ಸುತ್ತಲಿನ ಕಬ್ಬಿಣದ ಬೇಲಿಯಿಂದ, ಮೇರೆ ಅದೇ. ಬೇಲಿಯ ಹೊರಗೆ, ಅಕ್ಕನ ಮನೆಯ ದಿಕ್ಕಿಗೆ, ಎಮ್ಮೆ ಕಟ್ಟುವ ಒಂದು ಪಾಳು ಮಂಟಪವಿದೆ. ಅದು ಸ್ಮಾರಕಕ್ಕೆ ಸೇರಿದ್ದಲ್ಲ. ನಾನು ಅಕ್ಕನನ್ನು ನಿಲ್ಲಿಸಿದ್ದು ಅದರ ಕಂಬದ ಹತ್ತಿರ.

“ಇಲ್ಲಿಂದನ ಏನು?” ಎಂದಳು.

“ಇಲ್ಲಿಂದನ.”

ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೇಪಿನ ತುದಿಯನ್ನು ಎರಡೂ ಕೈಯಿಂದ ಕಂಬಕ್ಕೆ ಒತ್ತಿ ಹಿಡಿದಳು. ಸ್ವಲ್ಪ ಸಡಿಲಾದರೆ ತನ್ನ ಕಿಟಕಿ ಹಾರಿಹೋಗುತ್ತದೆ ಎನ್ನುವಷ್ಟು ಜೋಪಾನ — ಅಯ್ಯೋ, ಆ ಮುಖ! ಟೇಪು ಮುಗಿದಲ್ಲೆಲ್ಲ ಸುಣ್ಣದ ಗುರುತು ಹಾಕುತ್ತ ಹೊಸ್ತಿಲಿಗೆ ಬಂದೆವು.

“ನೂರರ ಒಳಗ ಬಿತ್ತಕ್ಕ. ಮುಟ್ಟಂಗಿಲ್ಲ.”

ಅವಳು ಅಳಲಿಲ್ಲ, ನನ್ನನ್ನೇ ಸಮಾಧಾನ ಮಾಡಿದಳು. “ಹೋಗ್ಲಿ ಬಿಡು. ನೀ ಯಾಕ ಮಾರಿ ಸಣ್ಣದು ಮಾಡ್ತಿ?” ಎಂದು ರೊಟ್ಟಿಗೆ ಇನ್ನಷ್ಟು ಬೆಣ್ಣೆ ಹಾಕಿದಳು. ಇದನ್ನೂ ಬರೆಯಬೇಕು — ಅವತ್ತೂ ನನಗೆ ಒಳ್ಳೆಯ ನಿದ್ದೆ ಬಂತು.

ವರ್ಷಗಳು ಹೋದವು. ಹೋದ ವರ್ಷ, ಅಕ್ಕನಿಗಿಂತ ಒಂದು ಮನೆ ಗುಡಿಗೆ ಹತ್ತಿರವಿದ್ದವರು ಸಿರುಗುಪ್ಪದಿಂದ ಯಾರನ್ನೋ ಕರೆಸಿ ಅಳೆಸಿದರು, ಅನುಮತಿಯನ್ನೂ ತಂದರು. “ಅವರಿಗೆ ಹೆಂಗ ಸಿಕ್ತೋ?” ಎಂದು ಅಕ್ಕ ಫೋನಿನಲ್ಲಿ ಕೇಳಿದಳು. “ರೂಲ್ಸ್ ಬದಲಾಗ್ಯಾವಕ್ಕ,” ಎಂದೆ. ಇದು ಎರಡನೇ ಸುಳ್ಳು. ಮರುದಿನವೇ ನಕ್ಷೆಗೆ ಕೂತೆ.

ಹಳೆಯ ಮನೆಯನ್ನು ಪೂರ್ತಿ ಅಳಿಸಿಯೇ ಬರೆದಿದ್ದೆ. ಅಕ್ಕ ಬಂದು ಕಾಗದದ ಮೇಲೆ ಬೆರಳಿಟ್ಟಳು.

“ಪಡಸಾಲಿ ಎಲ್ಲಿ?”

“ಹೋಗ್ತೈತಲ್ಲಕ್ಕ.”

“ಹೋದ್ರ ನೀ ಎಲ್ಲಿ ಮಲಗ್ತಿ? ಒಂದಂಕಣ ಉಳಿಸಿ ಗೆರಿ ಎಳಿ.”

ಎಳೆದೆ. ಎರಡು ಕಂಬಗಳ ನಡುವಿನ ಆ ಜಾಗ, ಅದರ ಮೇಲಿನ ಮಾಳಿಗೆ ಹಾಗೇ ಉಳಿದವು. ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ.

ಕೇಳಿದ ಅನುಮತಿ ಯಾವ ತಕರಾರೂ ಇಲ್ಲದೆ ಬಂತು. ಗೃಹಪ್ರವೇಶದ ದಿನ ಅಕ್ಕನ ಸಂಭ್ರಮ ಏನು ಹೇಳಲಿ! ಬಂದವರನ್ನೆಲ್ಲ ದೇವರಮನೆಗಿಂತ ಮೊದಲು ಅಡುಗೆಮನೆಗೆ ಎಳೆದೊಯ್ದಳು. ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. “ಬರ್ರಿ, ಇಲ್ಲಿ ನಿಂತು ನೋಡ್ರಿ!” ಎಂದು ಒಬ್ಬೊಬ್ಬರನ್ನೂ ಒಲೆಯ ಮುಂದೆ ನಿಲ್ಲಿಸಿದಳು. “ಸರ್ಕಾರದ ಕೂಡ ಬಡದಾಡಿ ತಂದಾನ ನನ್ನ ತಮ್ಮ” ಎಂದು ಓಣಿಗೆಲ್ಲ ಕೇಳುವಂತೆ ಹೊಗಳಿದಳು. ಎಲ್ಲರೂ ನನ್ನ ಕೈ ಕುಲುಕಿದರು. ನಾನು ಕುಲುಕಿಸಿಕೊಂಡೆ.

ಮೊದಲ ಪಂಕ್ತಿ ಎದ್ದಾಗ ಅಡುಗೆಮನೆಯಲ್ಲಿ ಅವಳೊಬ್ಬಳೇ ಸಿಕ್ಕಳು. ನಿಂತು ಹೋಳಿಗೆ ಬೇಯಿಸುತ್ತ, ಏನೋ ಗುನುಗುತ್ತಿದ್ದಳು.

“ಅಕ್ಕಾ, ಅವತ್ತು ಟೇಪು ಬೇಲಿಗೆ ಹಿಡೀಬೇಕಿತ್ತು. ನಾ ಬೇಕಂತ ಮಂಟಪಕ್ಕ ಹಿಡಿಸಿದೆ. ಪಡಸಾಲಿ ಹೋಗಬಾರದಂತ.”

ಮೊದಲು ನಕ್ಕಳು. “ನಿದ್ದಿಗೇನ್ಲೇ? ನಿದ್ದಿಗೆ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು. ಹೆಂಚಿನ ಮೇಲಿನ ಹೋಳಿಗೆ ಸೀಯುತ್ತಿತ್ತು, ನಾನೇ ತೆಗೆದೆ.

“ಬಾಯಿ ಬಿಟ್ಟು ಒಂದು ಮಾತು ಕೇಳಿದ್ರ ಆಗಲೇ ಒಂದಂಕಣ ಬಿಟ್ಟು ಕಟ್ಟತಿದ್ದೆನಲ್ಲೋ,” ಎಂದಳು.

ಗೋಡೆಯ ಆಚೆ ಅವಳು ಕತ್ತಲಲ್ಲಿ ಕೂತು ಏಳುತ್ತಿದ್ದ ಅಷ್ಟೂ ವರ್ಷ ಈಚೆ ನಾನು ಗೊರಕೆ ಹೊಡೆದಿದ್ದೆ.

ಅಕ್ಕ ಕಣ್ಣೊರೆಸಿಕೊಂಡು ಹೋಳಿಗೆಯ ತಟ್ಟೆಯನ್ನು ನನ್ನ ಕೈಗಿಟ್ಟಳು. “ಎಲ್ಲಾರ ಮುಂದ ಹೊಗಳಿಸಿಕೊಂಡಿ. ಹೋಗು, ಎಲ್ಲಾರ ಮುಂದನ ಹೇಳು. ಹೋಳಿಗಿ ಬಡಸ್ಕೋತ ಹೇಳು.”

ಅಂಗಳದಲ್ಲಿ ಎರಡನೇ ಪಂಕ್ತಿ ಕೂತಿತ್ತು. ಭಾವ ಬೆಳಿಗ್ಗೆ ಹೊದಿಸಿದ್ದ ಶಾಲನ್ನು ತೆಗೆದು ಅವರ ಕೈಗೇ ಕೊಟ್ಟೆ. ಮೊದಲ ಎಲೆಗೆ ಹೋಳಿಗೆ ಹಾಕಿ, ಹೇಳತೊಡಗಿದೆ.