ರವಿವಾರದ ಮೆಕ್ಯಾನಿಕ್

ಉಣಕಲ್ಲಿನಲ್ಲಿ ಮನೆಯ ಮುಂದೆ ಗೋಣಿಚೀಲ ಹಾಸಿ, ಮೋಟರ್‌ಸೈಕಲ್ ಬಿಚ್ಚಿಕೊಂಡು ಕೂತಿದ್ದ ಇಸ್ತಿಯಾಕರನ್ನು ಮೆಕ್ಯಾನಿಕ್ ಎಂದೇ ತಿಳಿದು, ಕೆಟ್ಟ ನನ್ನ ಗಾಡಿಯನ್ನು ಅವರ ಮುಂದೆ ನಿಲ್ಲಿಸಿದ್ದೆ. ಅವರು ಇತಿಹಾಸ ಕಲಿಸುವ ಮಾಸ್ತರರು. ಆದರೂ ಒಲ್ಲೆ ಎನ್ನಲಿಲ್ಲ. ಸಂಜೆ ನನ್ನ ಗಾಡಿ ಟಂಟಂ ಆಟೊದಲ್ಲಿ ಮಲಗಿಕೊಂಡು ಮನೆಗೆ ಬಂತು. ಹಾಗೇ ಗೆಳೆತನವಾಯಿತು; ಈಗ ಪ್ರತಿ ರವಿವಾರ ನನ್ನೆದುರೇ ಅವರು ಮೊಬೈಲಿನಲ್ಲಿ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತ ತಮ್ಮ ಗಾಡಿಯ ಬ್ರೇಕು ಬಿಚ್ಚುತ್ತಾರೆ, "ಇದರಾಗೇನೈತ್ರಿ, ಬರೇ ತಲಿ ಓಡಿಸಬೇಕು" ಎನ್ನುತ್ತ ಜೋಡಿಸುತ್ತಾರೆ. ಪ್ರತಿ ಸಲವೂ ಎರಡು ನಟ್ಟು ಉಳಿಯುತ್ತವೆ. ಅವು ಎಲ್ಲಿಯವು ಎಂದು ತಿಳಿಯದೆ ನಾವಿಬ್ಬರೂ ಗಾಡಿಗೆ ಪ್ರದಕ್ಷಿಣೆ ಹಾಕುತ್ತೇವೆ. "ಕಂಪನಿಯವ್ರು ಹೆಚ್ಚಿಗೀನ ಹಾಕಿರತಾರ, ಬಿಡ್ರಿ" ಎಂದು ಅವರೇ ತೀರ್ಪು ಕೊಟ್ಟು, ಸೋಮವಾರ ಬಸ್ಸು ಹಿಡಿಯುತ್ತಾರೆ. ಇಷ್ಟಾಗಿ, ಪಕ್ಕದಲ್ಲೇ ನಿಲ್ಲಿಸಿರುವ, ಹೆಂಡತಿ ಸುಲ್ತಾನಾ ಭಾಭಿಯ ಸ್ಕೂಟರನ್ನು ಮಾತ್ರ ಮುಟ್ಟುವುದಿಲ್ಲ. ಅದನ್ನು ಕಮರಿಪೇಟೆಯ ಮೆಕ್ಯಾನಿಕನ ಹತ್ತಿರ ಒಯ್ದು, ಬ್ರೇಕು ಮತ್ತೆ ಮತ್ತೆ ತೋರಿಸಿ ಅವನಿಂದ ಬೈಸಿಕೊಳ್ಳುತ್ತಾರೆ. ಭಾಭಿ ಅದರಲ್ಲೇ ದಿನಾಲು ಹೆದ್ದಾರಿ ಹಿಡಿದು ಬೇಲೂರು ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಹೋಗುವವರು. ಹೋದ ವರ್ಷ ಹೆದ್ದಾರಿಯಲ್ಲಿ ಬ್ರೇಕು ಹಿಡಿಯದೆ ಲಾರಿಯ ಚಕ್ರದ ಹತ್ತಿರದವರೆಗೂ ಹೋಗಿ ಬಂದಿದ್ದಾರೆ. ನನಗೊಂದೂ ತಿಳಿಯದೆ ಕೇಳಿದೆ: "ಮಾಸ್ತರ, ಇಷ್ಟೆಲ್ಲಾ ಕಲ್ತೀರಿ, ಭಾಭಿ ಗಾಡೀನೂ ನೀವ ಯಾಕ ಬಿಚ್ಚಂಗಿಲ್ರಿ?" ಮಾಸ್ತರರು ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟರು. "ಆಕಿ ಹೊಳ್ಳಿ ಮನಿಗೆ ಬರಬೇಕಲ್ರೀ!"