ಒರತೆ ತುಂಬುವಷ್ಟು ಹೊತ್ತು

ಹೊಳೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ ಎಂದು ಸಕೀನಾ ಆ ವರ್ಷ ಮನೆಯ ಹೊಸ್ತಿಲಲ್ಲೇ ಮಾತು ಕೊಟ್ಟಿದ್ದಳು.

ಮಾತು ತೆಗೆದುಕೊಂಡವನು ಅವಳ ಗಂಡ ಅಬ್ದುಲ ಗಫೂರ, ಬೀದರದ ಗಾಂಧಿ ಗಂಜದಲ್ಲಿ ತೊಗರಿ, ಕಡಲೆ ಚೀಲ ಹೊರುವ ಹಮಾಲ. ವರ್ಷವಿಡೀ ಬೆನ್ನು ಬಗ್ಗಿಸುವ ಅವನಿಗೆ ಬೇಸಿಗೆಯ ಎರಡು ದಿನವೇ ಹಬ್ಬ. ಮಕ್ಕಳ ಸಾಲೆಗೆ ರಜೆ ಬಿದ್ದರೆ ಸಾಕು, ಹಳೆಯ ತಾಡಪತ್ರಿ, ಹಗ್ಗ, ಸ್ಟೋವು ಗಂಟು ಕಟ್ಟಿ ಭಾಲ್ಕಿಯ ಬಸ್ಸು ಹತ್ತುವುದು, ಅಲ್ಲಿಂದ ಟಮ್‌ಟಮ್ ಹಿಡಿದು ಮೆಹಕರಕ್ಕೆ. ಅಲ್ಲಿ ಗೆಳೆಯ ಮಚ್ಛೇಂದ್ರನ ಹೊಲದ ಕೆಳಗೆ, ಬತ್ತಿದ ಮಾಂಜ್ರಾ ಹೊಳೆಯ ಉಸುಕಿನ ಮೇಲೆ, ತಾಡಪತ್ರಿಯ ಡೇರೆ ಏಳುತ್ತಿತ್ತು.

ಹಿಂದಿನ ಬೇಸಿಗೆಯಲ್ಲಿ ಸಕೀನಾ ಇದೇ ಉಸುಕಿನ ಮೇಲೆ ಗುಡುಗುಡು ಸದ್ದು ಕೇಳಿ, "ಹೊಳಿ ಬಂತು" ಎಂದು ಕೂಗಿ, ಅರೆಬೆಂದ ಅನ್ನದ ಪಾತ್ರೆ ಸಮೇತ ಎಲ್ಲರನ್ನೂ ದಂಡೆ ಹತ್ತಿಸಿದ್ದಳು. ಬಂದದ್ದು ಖಾಲಿ ಟ್ರ್ಯಾಲಿ ಎಳೆದುಕೊಂಡ ಟ್ರ್ಯಾಕ್ಟರು. ಗಫೂರ ಆ ಕಥೆಯನ್ನು ಗಂಜದಲ್ಲಿ ಹೇಳಿ ನಕ್ಕ. ಅಲ್ಲಿಂದ ಹಮಾಲರ ಸಲಾಮು ಬದಲಾಯಿತು. "ಏನ್ ಗಫೂರಭಾಯಿ, ಹೊಳಿ ಬಂತೇನು?" ಮನೆಯಲ್ಲಿ ನಲ್ಲಿ ನೀರು ಬಂದರೆ ಚಿಕ್ಕ ಮಗಳು ಖುಷ್ಬೂ ಕೂಡ ಹಾಗೇ ಕೂಗುವಳು. ಸಕೀನಾ ನಗುವಿಗೆ ನಗು ಸೇರಿಸಿ ಒಳಗೆ ಹೋಗುತ್ತಿದ್ದಳು.

ಈ ಸಲ ಬಂದ ಎರಡನೆಯ ದಿನ. ಇಳಿಹೊತ್ತಿಗೆ ಗಫೂರ ಮಗ ಮುಬಶ್ಶೀರನನ್ನೂ ಖುಷ್ಬೂಳನ್ನೂ ಕರೆದುಕೊಂಡು ಸಣ್ಣ ಹರಿವು ದಾಟಿ ಹೊಳೆಯ ನಡುವಿನ ಉಸುಕಿನ ದಿಬ್ಬಕ್ಕೆ ಹೋದ. ಅಲ್ಲಿ ಯಾರೋ ಹಾಕಿದ ಕಲ್ಲಂಗಡಿಯ ಬಳ್ಳಿಗಳಿದ್ದವು. ನೀರು ಅವನ ಹಿಮ್ಮಡಿಯನ್ನಷ್ಟೇ ತೋಯಿಸಿತು. ಚಪ್ಪಲಿಗಳನ್ನು ಈಚೆಯ ಒಂದು ಕಲ್ಲಿನ ಮೇಲೆ ಬಿಟ್ಟಿದ್ದ.

ಡೇರೆಯ ಮುಂದೆ ಉಳಿದವರು ಸಕೀನಾ ಮತ್ತು ರೊಟ್ಟಿ ಕಟ್ಟಿಕೊಂಡು ಬಂದಿದ್ದ ಮಚ್ಛೇಂದ್ರನ ಹೆಂಡತಿ ಸುಭದ್ರಾಬಾಯಿ.

"ನಿನ್ನಿಯಿಂದ ಮಾತೇ ಇಲ್ಲಲ್ರಿ. ಬಾಯಿಗಿ ಕೀಲಿ ಹಾಕೊಂಡೀರೇನು?"

"ಕೀಲಿಕೈ ಅವರ ಕಿಸೇದಾಗ ಅದರಿ ಅಕ್ಕಾ."

"ಗಂಡಸರ ಕಿಸೇದಾಗ ಇಟ್ರ ಅದು ಸಿಗ್ತದೇನ್ರಿ? ನಮ್ಮಂವ ಬೀಡಿನೇ ಹುಡುಕ್ತಿರ್ತಾನ."

ಸಕೀನಾ ನಕ್ಕಳು. ನಕ್ಕರೂ ಕಣ್ಣು ಪಡುವಣಕ್ಕೆ ಹೋಯಿತು. ಮಹಾರಾಷ್ಟ್ರದ ಕಡೆ ಮಧ್ಯಾಹ್ನದಿಂದ ಮೋಡ ಕಪ್ಪಿಟ್ಟಿತ್ತು. ಇಲ್ಲಿ ಮಾತ್ರ ಬಿಸಿಲು, ಹನಿಯೂ ಇಲ್ಲ. ಅಲ್ಲಿ ಮಳೆಯಾದರೆ ಇಲ್ಲಿ ಹೊಳೆ ಏರುತ್ತದೆಯೇ ಎಂದು ಕೇಳಬೇಕೆನಿಸಿತು, ಕೊಟ್ಟ ಮಾತು ನೆನಪಾಗಿ ಕೇಳಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವಜೂಗೆ ನೀರು ತರಲು ಕೊಡ ಎತ್ತಿಕೊಂಡು ಒರತೆಗೆ ನಡೆದಳು.

ಉಸುಕಿನಲ್ಲಿ ಮೊಣಕೈ ಆಳದ ಆ ಗುಂಡಿಯನ್ನು ಬಂದ ದಿನ ಅವಳೇ ತೋಡಿದ್ದಳು. ಔರಾದದ ತವರಿನಲ್ಲಿ, ಹಳ್ಳದ ದಂಡೆಯಲ್ಲಿ ಕೂರಿಸಿಕೊಂಡು ನಾನಿ ಕಲಿಸಿದ ಕೆಲಸ ಅದು. ಬಟ್ಟಲು ನೀರು ತೆಗೆದ ಮೇಲೆ ಅವಸರ ಮಾಡಬಾರದು. ಕುರಾನಿನ ಮೊದಲ ಏಳು ಸಾಲು, ಅಲ್‌ಹಮ್ದು, ನಿಧಾನ ಒಮ್ಮೆ ಓದಬೇಕು. ಓದಿ ಮುಗಿಯುವಷ್ಟರಲ್ಲಿ ಮತ್ತೊಂದು ಬಟ್ಟಲು ನೀರು ಕೂಡಿರುತ್ತದೆ. ಬೆಳಿಗ್ಗೆ ಕೊಡ ತುಂಬಿದ್ದೂ ಹಾಗೆಯೇ.

ಈಗ ಒಂದು ಬಟ್ಟಲು ತೆಗೆದು ಓದಲು ಶುರು ಮಾಡಿದಳು. ಅರ್ಧವಾಗುವ ಮೊದಲೇ ಗುಂಡಿ ತುಂಬಿತು. ಅಲ್ಲಾಹನ ಬರ್ಕತ್ ಎಂದುಕೊಂಡಳು, ಮನಸ್ಸು ತಂಪಾಯಿತು. ಇನ್ನೊಂದು ತೆಗೆದಳು. ಈ ಸಲ ಶುರುವಿನ ಬಿಸ್ಮಿಲ್ಲಾ ಹೇಳಿ ಮುಗಿಸುವಷ್ಟರಲ್ಲಿ ನೀರು ಅಂಚಿಗೆ ಬಂದಿತ್ತು. ಕೊಡ ತುಂಬಿಸಿ, ಅಲ್ಲಾಹನಿಗೆ ಶುಕ್ರ್ ಹೇಳಿ, ವಜೂಗೆಂದು ಕೈ ತೊಳೆದು ಬಾಯಿಗೆ ನೀರು ಹಾಕಿಕೊಂಡಳು. ನೀರು ಬೆಚ್ಚಗಿತ್ತು. ಮಣ್ಣು ಮಣ್ಣು ರುಚಿ.

ಒರತೆಯ ನೀರು ಯಾವತ್ತೂ ಬೆಚ್ಚಗಿರುವುದಿಲ್ಲ. ಇದು ಬಿಸಿಲಿಗೆ ಕಾದ ಹೊಳೆಯ ನೀರು.

ಉಗುಳಿದಳು. ಗುಂಡಿಯ ಅಂಚು ಸದ್ದಿಲ್ಲದೆ ಒಳಗೆ ಕುಸಿಯುತ್ತಿತ್ತು. ತಲೆ ಎತ್ತಿದರೆ ಹರಿವಿನ ಮೇಲೆ ಒಣ ಕಡ್ಡಿ, ನೊರೆ. ಚಪ್ಪಲಿ ಬಿಟ್ಟಿದ್ದ ಕಲ್ಲು ಕಾಣಲಿಲ್ಲ.

ಕೂಗಲು ಎರಡೂ ಕೈ ಬಾಯಿಗೆ ತಂದಳು, ಇಳಿಸಿದಳು. ಕೂಗಿದರೆ ಗಫೂರ ಏನನ್ನುತ್ತಾನೆಂದು ಅವಳಿಗೆ ಗೊತ್ತು. ಯಾವ ಕಂಪನಿ ಟ್ರ್ಯಾಕ್ಟರು ಎಂದು ಕೇಳುತ್ತಾನೆ. ಮಕ್ಕಳನ್ನೂ ನಗಿಸುತ್ತಾನೆ. ಬೇಕೆಂದೇ ಇನ್ನಷ್ಟು ಹೊತ್ತು ಅಲ್ಲೇ ಕೂರುತ್ತಾನೆ. ಆ ಹೊತ್ತನ್ನು ಹೊಳೆ ಕೊಡುವಂತಿರಲಿಲ್ಲ.

"ಅಕ್ಕಾ, ಡೇರೇದ ಹಗ್ಗ ಬಿಚ್ಚರಿ. ಒಂದು ತುದಿ ಗಟ್ಟಿ ಹಿಡೀರಿ."

ಸುಭದ್ರಾಬಾಯಿ ಅವಳ ಮುಖ ನೋಡಿ, ರೊಟ್ಟಿಯ ಗಂಟು ಬಿಟ್ಟು ಎದ್ದಳು. ಹಗ್ಗ ಬಿಚ್ಚಿದೊಡನೆ ತಾಡಪತ್ರಿ ಸ್ಟೋವಿನ ಮೇಲೆ ಕುಸಿಯಿತು. ಇನ್ನೊಂದು ತುದಿಯನ್ನು ಸಕೀನಾ ಸೊಂಟಕ್ಕೆ ಸುತ್ತಿಕೊಂಡಳು. ಇಷ್ಟು ಬೇಸಿಗೆ ಬಂದರೂ ಈ ನೀರಿಗೆ ಒಮ್ಮೆಯೂ ಕಾಲಿಡದ ಹೆಂಗಸು ಸೀರೆ ಎತ್ತಿ ಕಟ್ಟದೆಯೇ ಇಳಿದಳು.

ದಿಬ್ಬದ ಮೇಲೆ ಗಫೂರ ಕಲ್ಲಂಗಡಿ ಒಡೆಯುತ್ತಿದ್ದ. "ಅರೇ, ನಿಮ್ಮ ಅಮ್ಮಿ ಈಜು ಕಲೀಲಾಕ ಬಂದಾಳ ನೋಡ್ರಿ" ಎಂದವನು, ನೀರು ಅವಳಿಗೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ನೋಡಿದ. ತನ್ನ ಹಿಮ್ಮಡಿ ತೋಯಿಸಿದ್ದ ನೀರು ಅವಳ ಮೊಣಕಾಲು ದಾಟಿತ್ತು. ಹಣ್ಣು ಕೈಯಿಂದ ಜಾರಿತು.

ಮುಬಶ್ಶೀರನನ್ನು ಅವನು ಗಂಜದ ಚೀಲದಂತೆ ಹೆಗಲಿಗೆ ಹಾಕಿಕೊಂಡ. ಸಕೀನಾ ಖುಷ್ಬೂಳನ್ನು ಎದೆಗವುಚಿಕೊಂಡಳು. ನಡುವೆ ಕಾಲಡಿಯ ಉಸುಕು ಕೊಚ್ಚಿಹೋಗುತ್ತಿತ್ತು. ಒಮ್ಮೆ ಅವಳ ಕಾಲು ತಪ್ಪಿತು, ನೀರು ಮಗುವಿನ ಪಾದ ಮುಟ್ಟಿತು. ಹಗ್ಗ ಬಿಗಿಯಾಯಿತು. ಈಚೆ ಸುಭದ್ರಾಬಾಯಿ ಉಸುಕಿನಲ್ಲಿ ಹಿಮ್ಮಡಿ ಊರಿ, ಹಲ್ಲು ಕಚ್ಚಿ ಹಿಂದಕ್ಕೆ ಬಾಗಿದ್ದಳು. ಸಕೀನಾ ಅರ್ಧಕ್ಕೆ ಬಿಟ್ಟಿದ್ದ ಅಲ್‌ಹಮ್ದು ಆಗ ತಾನಾಗಿ ಬಾಯಿಗೆ ಬಂತು. ಅದು ಮುಗಿಯುವ ಮೊದಲು ಕಾಲಿಗೆ ಗಟ್ಟಿ ನೆಲ ಸಿಕ್ಕಿತು.

ಅವರು ದಂಡೆ ಹತ್ತಿ ತಿರುಗಿದಾಗ ದಿಬ್ಬದ ಬಳ್ಳಿಗಳು ನೀರಿನಲ್ಲಿದ್ದವು. ತಾಡಪತ್ರಿ ಉಬ್ಬಿಕೊಂಡು ನಿಧಾನ ತಿರುಗುತ್ತ ಹೋಯಿತು.

"ಅಮ್ಮಿ, ಹೊಳಿ ಬಂತು" ಎಂದಳು ಖುಷ್ಬೂ. ಯಾರೂ ನಗಲಿಲ್ಲ.

ಗಫೂರ ಮುಬಶ್ಶೀರನನ್ನು ಹೆಗಲಿನಿಂದ ಇಳಿಸಿ ಕೇಳಿದ, "ಯಾಕ ಕೂಗಲಿಲ್ಲ?"

"ಕೂಗಿದ್ರ ನೀವು ನಗ್ತಿದ್ರಿ."

ಅವನು ಉಟ್ಟ ಲುಂಗಿಯ ತುದಿ ಹಿಂಡುತ್ತ ಕುಳಿತ. ಸಕೀನಾ ಮಚ್ಛೇಂದ್ರನ ಮನೆಯ ನೀರಿನಲ್ಲಿ ಮತ್ತೆ ವಜೂ ಮಾಡಿ, ಹೊತ್ತು ಮೀರುವ ಮೊದಲು ಅಸರ್ ಮುಗಿಸಿದಳು.

ಮರಳಿ ಕೆಲಸಕ್ಕೆ ಹೋದ ದಿನ ಗಂಜದ ಬಾಗಿಲಲ್ಲೇ ಹಮಾಲ ಲಾಲ ಅಹ್ಮದ ಬೆನ್ನ ಮೇಲೆ ಚೀಲ ಹೊತ್ತುಕೊಂಡೇ ಕೇಳಿದ, "ಏನ್ ಗಫೂರಭಾಯಿ, ಹೊಳಿ ಬಂತೇನು?"

ಗಫೂರ ನಿಂತ.

"ಬಂತು," ಎಂದ. "ಸಕೀನಾ ಇದ್ಳು."