ಕದವಿಲ್ಲದ ಖೋಲಿ

ನಮ್ಮ ಮನೆಯೊಡತಿಗಿಂತ ಮೊದಲು ಅವರ ಮೂಗು ಮನೆಯೊಳಗೆ ಬರುತ್ತಿತ್ತು. ಉದ್ದನೆಯ, ತುದಿಯಲ್ಲಿ ತುಸು ಬಾಗಿದ ಮೂಗು. ನತ್ತು ತೆಗೆದ ಮೇಲೆ ಉಳಿದ ತೂತು ಜೋಳದ ಕಾಳು ಹಿಡಿಸುವಷ್ಟು ದೊಡ್ಡದು. ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದರೆಂದರೆ ಮುಗಿಯಿತು. ನಮ್ಮಲ್ಲಿ ಏನು ಬೆಂದಿದೆ, ಯಾರು ಬಂದಿದ್ದಾರೆ, ಯಾವ ಕೌದಿಯನ್ನು ಎಲ್ಲಿ ಹಾಸಿದ್ದೆವು, ಎಲ್ಲವೂ ಅವರಿಗೆ ಗೊತ್ತಾಗುತ್ತಿತ್ತು. ಆ ಮೂಗಿನ ಕಾಟವನ್ನು ನಾನು ವರ್ಷಗಟ್ಟಲೆ ಸಹಿಸಿದ್ದೇನೆ.

ನನ್ನ ಯಜಮಾನರಿಗೆ ಬೀದರಿನ ಸುಂಕದ ಕಚೇರಿಯಲ್ಲಿ ಕಾರಕೂನಿಕೆ ಸಿಕ್ಕಾಗ ನಾವು ಭಾಲ್ಕಿಯಿಂದ ಬಂದು ಅವರ ಮನೆ ಹಿಡಿದೆವು. ಅಂಗಳದ ಆಚೆ, ಕಿಟಕಿಯಿದ್ದ ಒಂದು ಕೋಣೆಯಲ್ಲಿ ಅವರು ಒಬ್ಬರೇ ಇದ್ದರು. ಈಚೆ ನಮಗೆ ಒಂದು ಪಡಸಾಲೆ, ಒಂದು ಅಡುಗೆಮನೆ, ಅದರ ಹಿಂದೆ ಒಂದು ಖೋಲಿ. ಕೆಂಪು ಕಲ್ಲಿನ ದಪ್ಪ ಗೋಡೆ, ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಆದರೆ ಖೋಲಿಗೆ ಕಿಟಕಿಯಿಲ್ಲ. ಹಿಂದಿನ ಗೋಡೆ ಪಕ್ಕದ ಮನೆಯವರದು, ಒಡೆದು ಕಿಟಕಿ ಇಡುವಂತೆಯೂ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಕೂಡ ಇರಲಿಲ್ಲ. ವಿಚಿತ್ರವೆಂದರೆ ಬಾಗಿಲಿಗೆ ಕದವೂ ಇರಲಿಲ್ಲ. ಬರೀ ಚೌಕಟ್ಟು. ಕದಗಳನ್ನು ಕಿತ್ತು ಮನೆಯೊಡತಿ ತಮ್ಮ ಕೋಣೆಯಲ್ಲಿ ಇಟ್ಟಿಗೆಯ ಮೇಲೆ ಮಂಚ ಮಾಡಿಕೊಂಡಿದ್ದರು.

ಪ್ಲೇಗು ಬಂದುಹೋದ ಮೇಲೆ ಸಫಾಯಿ ದಾರೋಗಾ ಮನೆಮನೆ ತಿರುಗಿ, ಗಾಳಿಬೆಳಕಿಲ್ಲದ ಕೋಣೆಯಲ್ಲಿ ಯಾರೂ ಮಲಗಕೂಡದೆಂದು ಹುಕುಂ ಮಾಡಿ, ಬಾಗಿಲ ಮೇಲಿನ ಗೋಡೆಗೆ ಡಾಂಬರಿನ ಗುರುತು ಹಾಕಿ ಹೋಗಿದ್ದನಂತೆ. ಓಣಿಯವರೆಲ್ಲ ಮುಂದಿನ ದೀಪಾವಳಿಗೆ ಸುಣ್ಣ ಬಳಿದು ಗುರುತನ್ನೂ ಹುಕುಮನ್ನೂ ಒಟ್ಟಿಗೇ ಮುಚ್ಚಿಬಿಟ್ಟರು. ಈ ಮಹಾತಾಯಿ ಮಾತ್ರ ಪ್ರತಿ ದೀಪಾವಳಿಗೂ ಆ ಗುರುತನ್ನು ಬಿಟ್ಟು ಸುತ್ತ ಸುಣ್ಣ ಬಳಿಸುವರು. ಆಮೇಲೆ ಹಂಚಿನ ಮಸಿಗೆ ಎಣ್ಣೆ ಕಲಸಿ, ಸ್ಟೂಲು ಹತ್ತಿ, ತಾವೇ ಅದನ್ನು ತಿದ್ದುವರು. ಸರ್ಕಾರವೇ ಮರೆತದ್ದನ್ನು ಇವರೇಕೆ ನೆನಪಿಡಬೇಕು? ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

"ಕಾಳು ಇಡ್ರಿ, ಕುಳ್ಳು ಇಡ್ರಿ, ಹಳೇ ಭಾಂಡಿ ಇಡ್ರಿ. ಮನಷ್ಯಾರು ಮಾತ್ರ ಮಲಗಂಗಿಲ್ಲ." ಇದು ಅವರ ದಿನನಿತ್ಯದ ಮಂತ್ರ.

ಭಾಲ್ಕಿಯಿಂದ ಕಚೇರಿ ಕೆಲಸವೆಂದು ಬರುವ ನೆಂಟರಿಗೆ ಲೆಕ್ಕವಿರಲಿಲ್ಲ. ಗಂಡಸರು ಪಡಸಾಲೆ ಹಿಡಿದರೆ ನಾನು ಒಲೆಯ ಬದಿಯಲ್ಲಿ, ಉಳ್ಳಾಗಡ್ಡಿ ಬುಟ್ಟಿಗೆ ಕಾಲು ತಾಗಿಸಿಕೊಂಡು ಮುದುಡಬೇಕು. ಮಗ್ಗುಲಲ್ಲೇ ಆ ತಂಪು ಖೋಲಿಯಲ್ಲಿ ಸಗಣಿಯ ಕುಳ್ಳುಗಳು ಹಾಯಾಗಿ ಮಲಗಿರುತ್ತಿದ್ದವು! ಒಂದು ಮಧ್ಯಾಹ್ನ ನನ್ನ ನಾದಿನಿ ತಲೆನೋವೆಂದು ಅಲ್ಲಿ ಕೌದಿ ಹಾಸಿ ತುಸು ಅಡ್ಡಾದಳು. ಅವಳೆದ್ದು ಕೌದಿ ಮಡಚಿಟ್ಟ ಮೇಲೆ ಮನೆಯೊಡತಿ ಬಂದರು. ಕೌದಿ ಮೂಸಿದರು. ಅದಕ್ಕೆ ಕುಳ್ಳಿನ ವಾಸನೆ ಹಿಡಿದಿತ್ತು. ಮಾತಿಲ್ಲ ಕತೆಯಿಲ್ಲ, ಎತ್ತಿ ಅಂಗಳಕ್ಕೆ ಒಗೆದರು. ನಾದಿನಿ ಅತ್ತಳು. ನಾನು ಜಗಳಕ್ಕೆ ನಿಂತೆ; ಮೂರು ಕೋಣೆಯ ಬಾಡಿಗೆ ತೆಗೆದುಕೊಂಡು ಎರಡರಲ್ಲೇ ಬಾಳೆಂದರೆ ಯಾವ ನ್ಯಾಯ ಎಂದೆ. "ಹಂಗಾರ ಎರಡರದೇ ಕೊಡ್ರಿ" ಎಂದು ಹೋದರು. ಮುಂದೆ ಅಷ್ಟನ್ನೇ ತೆಗೆದುಕೊಂಡರು. ಹೀಗೆ ಬಿಟ್ಟುಕೊಡುವವರ ಜೊತೆ ಜಗಳವಾಡುವುದಾದರೂ ಹ್ಯಾಗೆ?

ನಾನು ಬಸುರಾದ ವರ್ಷ ನನ್ನ ತವರು ಚಿಂತಾಕಿಯಲ್ಲಿ ಜ್ವರದ ಹಾವಳಿ. ಹೆರಿಗೆಗೆ ಅಲ್ಲಿಗೆ ಹೋಗುವಂತಿರಲಿಲ್ಲ. ಅವ್ವನೇ ಔರಾದಿನ ದಾರಿ ಹಿಡಿದು ಬಂಡಿಯಲ್ಲಿ ಬಂದಳು. ಬಂದವಳೇ ಖೋಲಿ ನೋಡಿ ಹಿಗ್ಗಿದಳು. ನಮ್ಮ ಕಡೆ ಬಾಣಂತಿಯನ್ನು ಗಾಳಿ ಸೋಕದ ಕತ್ತಲೆ ಕೋಣೆಯಲ್ಲಿಡುವುದು ರೂಢಿ. ಮಂಚದ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಗೆ ಇಟ್ಟು, ಬಾಗಿಲು ಹಾಕಿ, ಸಂದಿಗೆಲ್ಲ ಅರಿವೆ ತುರುಕುತ್ತಾರೆ. ಹೇಳಿ ಮಾಡಿಸಿದರೂ ಇಂಥ ಖೋಲಿ ಸಿಗದೆಂದು ಅವ್ವ ಕುಳ್ಳು ಹೊರಹಾಕಿ ನೆಲ ಸಾರಿಸಿದಳು. ಕದವಿಲ್ಲದ್ದು ಅವಳಿಗೊಂದು ಚಿಂತೆಯೇ ಅಲ್ಲ, ಬಡಿಗನಿಗೆ ಹೇಳಿಕಳಿಸಿದಳು.

ಬಡಿಗನಿಗಿಂತ ಮೊದಲು ಮೂಗು ಬಂತು.

ನನ್ನ ಅವ್ವ ಹಿಂದೆ ಸರಿಯುವ ಪೈಕಿ ಅಲ್ಲ. ಇಷ್ಟು ವರ್ಷಗಳಾದ ಮೇಲೆ ಯಾವ ದಾರೋಗಾ ಬರುತ್ತಾನೆ ಎಂದಳು. ಮಗಳ ಮೈಗೆ ಗಾಳಿ ಹೊಕ್ಕು ಸನ್ನಿಯಾದರೆ ನೀವು ನೋಡಿಕೊಳ್ಳುತ್ತೀರಾ ಎಂದಳು. ಕೊಡದಿದ್ದರೆ ಇವತ್ತೇ ಬಂಡಿ ಕಟ್ಟಿಸಿ ಚಿಂತಾಕಿಗೆ ಕರೆದೊಯ್ಯುತ್ತೇನೆ ಎಂದಳು. ದಿನ ತುಂಬಿದ ನಾನು ಜ್ವರದ ಊರಿಗೆ, ಅದೂ ಆ ಕೊರಕಲು ದಾರಿಯಲ್ಲಿ! ಗೋಡೆಗೊರಗಿ ಕೂತು ಇಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಂಡೆ.

ಮನೆಯೊಡತಿ ಚೌಕಟ್ಟಿಗೆ ಎರಡೂ ಕೈ ಚಾಚಿ ಅಡ್ಡ ನಿಂತಿದ್ದರು. ಬಹಳ ಹೊತ್ತು ಹುಕುಂ, ಹುಕುಂ ಎಂದೇ ಹೇಳಿದರು. ಆಮೇಲೆ ದನಿ ತಗ್ಗಿತು.

"ಅಕ್ಕೋರೆ, ಈ ಖೋಲ್ಯಾಗ ನನ್ನ ಸೊಸಿ ಬಾಣಂತಿ ಇದ್ದಳ್ರಿ. ಕೆಂಡ ಇಟ್ಟಾಕಿ ನಾನೇ, ಬಾಗಲಾ ಹಾಕ್ದಾಕಿ ನಾನೇ. ಸಂದ್ಯಾಗ ಅರಿವಿ ತುರುಕ್ದಾಕಿನೂ ನಾನೇ. ಮುಂಜಾನಿ ತಗದ್ರ ಆಕಿನೂ ಇಲ್ಲ, ಕೂಸೂ ಇಲ್ಲ. ಮಲಗಿದ್ಹಾಂಗೇ ಇದ್ರು ನೋಡ್ರಿ."

ಕದ ಕಿತ್ತದ್ದು ದಾರೋಗಾ ಬರುವುದಕ್ಕೂ ಎಷ್ಟೋ ಮುಂಚೆ. ಹೆಂಡತಿಯನ್ನು ಮಣ್ಣು ಮಾಡಿ ಊರು ಬಿಟ್ಟ ಮಗ ಮತ್ತೆ ಬರಲಿಲ್ಲ. ಬಾಡಿಗೆಯವರಿಗೆ ನಿಜ ಹೇಳಿದರೆ ಮನೆ ಬಿಟ್ಟು ಓಡುತ್ತಾರೆ, ಸರ್ಕಾರದ ಹೆಸರು ಹೇಳಿದರೆ ಬೈದುಕೊಂಡು ಸುಮ್ಮನಿರುತ್ತಾರೆ ಎಂದರು. ಅವ್ವ ತಾನೇ ಕುಳ್ಳುಗಳನ್ನು ಮತ್ತೆ ಖೋಲಿಯೊಳಗೆ ಒಟ್ಟಿದಳು.

ಅಂಗಳದಾಚೆಯ ಕೋಣೆಯನ್ನು ಮನೆಯೊಡತಿ ನನಗೆ ಬಿಟ್ಟುಕೊಟ್ಟರು. ಆ ಕದಗಳ ಮಂಚದ ಮೇಲೆಯೇ ನನ್ನ ಮಗಳು ಹುಟ್ಟಿದಳು. ಚಳಿಯ ದಿನ, ಕೆಂಡವಿಲ್ಲದೆ ಆಗದೆಂದು ಅವ್ವ. ಕೆಂಡವಿದ್ದರೆ ಬಾಗಿಲು ತೆರೆದಿರಬೇಕೆಂದು ಅವರು. ಕೊನೆಗೆ ಕೆಂಡವೂ ಬಂತು, ಮನೆಯೊಡತಿಯೂ ಬಂದು ತೆರೆದ ಕದಕ್ಕೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕುಳಿತರು. ಹೊಸ್ತಿಲ ಮೇಲೆ ಕೂಡಬಾರದೆಂದು ಅವ್ವ ದಿನಾ ಗೊಣಗಿದಳು. ಕೇಳುವವರು ಯಾರು? ಬಾಣಂತನ ಮುಗಿಯುವವರೆಗೆ ಅವರು ಅಲ್ಲೇ ಉಂಡರು, ಅಲ್ಲೇ ಬತ್ತಿ ಹೊಸೆದರು, ಅಲ್ಲೇ ತೂಕಡಿಸಿದರು. ನನಗೆ ಕಣ್ಣು ಹತ್ತಿತೋ ಇಲ್ಲವೋ, "ಮುಸುಕ ತಗಿಯವ್ವಾ, ಮಾರಿ ತೋರ್ಸು" ಎಂದು ಎಬ್ಬಿಸುವರು. ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವರು. ಅವರ ದೆಸೆಯಿಂದ ನಾನು ನೆಟ್ಟಗೆ ಒಂದು ನಿದ್ದೆ ಮಾಡಲಿಲ್ಲ. ಈಗಲೂ ನೆನೆದರೆ ಸಿಟ್ಟು ಬರುತ್ತದೆ, ಸಿಟ್ಟಿನ ಜೊತೆಗೇ ಅಳುವೂ ಬರುತ್ತದೆ.

ಕೆಲವು ವರ್ಷಗಳ ಮೇಲೆ ನಾವು ಭಾಲ್ಕಿಗೆ ಮರಳಿದೆವು. ಮನೆಯೊಡತಿ ತೀರಿಕೊಂಡ ಸುದ್ದಿ ಬಂದಾಗ ಮಗಳನ್ನು ಕರೆದುಕೊಂಡು ಹೋದೆ. ಅದೇ ಕೋಣೆಯಲ್ಲಿ, ನಮ್ಮವರ ಪದ್ಧತಿಯಂತೆ ವಿಭೂತಿ ಹಚ್ಚಿ ಗೋಡೆಗೊರಗಿಸಿ ಕೂಡಿಸಿದ್ದರು. ಕೆಳಗೆ ಆ ಕದಗಳೇ ಇದ್ದವು. ಮುಖ ಸಣ್ಣದಾಗಿತ್ತು, ಮೂಗು ಮಾತ್ರ ಹಾಗೇ ಇತ್ತು. ಹೊರಗೆ ಗಾಳಿಯೆದ್ದು ದೀಪ ಅಲ್ಲಾಡಿತು. ಓಣಿಯ ಹೆಣ್ಣುಮಗಳೊಬ್ಬಳು ಎದ್ದು ಬಾಗಿಲು ಮುಂದೆ ಮಾಡಿದಳು.

"ಬಾಗಲಾ ಹಾಕಬ್ಯಾಡ್ರಿ" ಎಂದೆ.

ದೀಪ ಆರುತ್ತದೆಂದಳು. ಆರಿದರೆ ಮತ್ತೆ ಹಚ್ಚಿರಿ ಎಂದು ಗದರಿ, ಕದ ಹಿಂದಕ್ಕೆ ತಳ್ಳಿ, ಅದಕ್ಕೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಅಲ್ಲಿ ಕೂಡಬಾರದೆಂದು ಹಿರಿಯರು ಗೊಣಗಿದರು. ಮನೆಯೊಡತಿಯನ್ನು ಎತ್ತುವವರೆಗೂ ನಾನು ಏಳಲಿಲ್ಲ.